ಕ್ರಿಟಿಕಾಲಿಟಿ ಪಾಠವಿಲ್ಲದೆ ಅಣು ಉದ್ಯೋಗದ ಆಸೆ ತೋರಿಸಬೇಡಿ



ನಮ್ಮ ಜಿಲ್ಲೆಯ ಕಾಲೇಜೊಂದರಲ್ಲಿ ನಡೆದ ಪರಮಾಣು ಉದ್ಯೋಗ ಕಾರ್ಯಾಗಾರದ ವರದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಅದರಲ್ಲಿ ಬಾರದ ಸಂಗತಿಯೊಂದಿದೆ. ‘ಕ್ರಿಟಿಕಾಲಿಟಿ ಅಪಘಾತ ತಡೆಯೋದು ಹೇಗೆ ಸರ್?’ ಎಂದು ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಹತೋಟಿಯಿಲ್ಲದ ಅಣು ಸರಣಿ ಕ್ರಿಯೆ ತಾನಾಗಿ ಶುರುವಾಗುವುದೇ ಈ ಅಪಘಾತ. ‘ಅದೆಲ್ಲ ಕೆಲಸಕ್ಕೆ ಸೇರಿದ ಮೇಲೆ ಕಲಿಸ್ತಾರೆ, ಕೂತ್ಕೊಳ್ಳಮ್ಮ’ ಎಂದರು ಅತಿಥಿಗಳು. ವೇದಿಕೆಯ ಮೇಲಿದ್ದ ಒಬ್ಬರೂ ತುಟಿ ಬಿಚ್ಚಲಿಲ್ಲ.

ಸೇರಿದ ಮೇಲೂ ಕಲಿಸದಿದ್ದರೆ? ಜಪಾನಿನ ಟೋಕಾಯ್‌ಮುರಾದಲ್ಲಿ ಆದದ್ದು ಅದೇ. 1999ರ ಸೆಪ್ಟೆಂಬರ್ 30ರಂದು ಅಲ್ಲಿನ ಇಂಧನ ಘಟಕದ ಕಾರ್ಮಿಕರು ಶೇ 18.8ರಷ್ಟು ಸಂವರ್ಧಿತ ಯುರೇನಿಯಂನ ದ್ರಾವಣವನ್ನು ಬಕೆಟ್‌ನಲ್ಲಿ ತಂದು ಅಗಲವಾದ ತೊಟ್ಟಿಗೆ ಸುರಿದರು. ಯುರೇನಿಯಂನ ಮಿತಿ 2.4 ಕಿಲೋ, ತೊಟ್ಟಿ ಸೇರಿದ್ದು ಸುಮಾರು 16 ಕಿಲೋ. ಕಿರಿದಾದ ಉದ್ದನೆಯ ಪಾತ್ರೆಯಾಗಿದ್ದರೆ ನ್ಯೂಟ್ರಾನುಗಳು ಹೊರಕ್ಕೆ ಸೋರಿಹೋಗುತ್ತಿದ್ದವು. ಅಗಲ ತೊಟ್ಟಿಯಲ್ಲಿ ಹೆಚ್ಚಿನವು ಒಳಗೇ ಉಳಿದವು. ಹೊರಟವನ್ನೂ ತೊಟ್ಟಿಯ ಸುತ್ತಲಿನ ತಂಪುಗೊಳಿಸುವ ನೀರು ಹಿಂದಕ್ಕೆ ದೂಡಿತು. ಸುಮಾರು 20 ಗಂಟೆ ನಡೆದ ಸರಣಿ ಕ್ರಿಯೆ ನಿಂತದ್ದು ಆ ನೀರನ್ನು ಹೊರಹರಿಸಿದ ಮೇಲೆ. ಇಬ್ಬರು ಸತ್ತರು. ಕ್ರಿಟಿಕಾಲಿಟಿಯ ಅಪಾಯವೇನೆಂದು ಅವರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ.

ಓದಿ ತಿಳಿದಿದ್ದರಷ್ಟೇ ಸಾಲದು, ಕೈಗೆ ಶಿಸ್ತೂ ಬೇಕು. 1946ರ ಮೇ 21ರಂದು ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಲೂಯಿ ಸ್ಲಾಟಿನ್ ಎಂಬ ನುರಿತ ವಿಜ್ಞಾನಿಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕ್ರಿಟಿಕಾಲಿಟಿ ಪ್ರಯೋಗದ ನಡುವೆ ಜಾರಿ ಸರಣಿ ಕ್ರಿಯೆ ಶುರುವಾಯಿತು. ಒಂಬತ್ತು ದಿನಕ್ಕೆ ಅವರು ತೀರಿಕೊಂಡರು.

ಇನ್ನು ನಮ್ಮ ಪ್ರಯೋಗಾಲಯಗಳ ಪಾಡು ಹೇಳಲೇಬೇಕು. ನಾನು ಕಂಡ ಕಾಲೇಜುಗಳಲ್ಲಿ ವಿಕಿರಣ ಅಳೆಯುವ ಗೈಗರ್ ಕೌಂಟರ್ ಬೀರುವಿನಿಂದ ಹೊರಬರುವುದು ತಪಾಸಣೆಯ ದಿನ ಮಾತ್ರ. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಕೇವಲ 5 ವಾಟ್‌ನ ಬೋಧನಾ ರಿಯಾಕ್ಟರಿನಲ್ಲಿ ವಿದ್ಯಾರ್ಥಿಗಳು ಸ್ವತಃ ಪ್ರಯೋಗ ಮಾಡಿ ಕಲಿಯುತ್ತಾರೆ. ನಮ್ಮ ಮಕ್ಕಳು ಸೂತ್ರ ಬಾಯಿಪಾಠ ಮಾಡಿ ಪದವಿ ತರುತ್ತಾರೆ.

ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕ 962 ದಿನ ಎಡೆಬಿಡದೆ ನಡೆದು 2018ರಲ್ಲಿ ವಿಶ್ವದಾಖಲೆ ಮಾಡಿದ್ದು ಇದೇ ಜಿಲ್ಲೆಯಲ್ಲಿ. ಇಲ್ಲಿನ ಮಕ್ಕಳ ಬಾಯಿ ಮುಚ್ಚಿಸುವುದು ನಮಗೆಲ್ಲ ಅವಮಾನ. 2047ರೊಳಗೆ ಒಂದು ಲಕ್ಷ ಮೆಗಾವಾಟ್ ಅಣು ವಿದ್ಯುತ್ತಿನ ಗುರಿ ಹಾಕಿಕೊಂಡ ದೇಶಕ್ಕೆ ಬೇಕಾಗುವ ಕೈಗಳು ಇವರವೇ.

ಎಂ.ಎಸ್ಸಿ. ಭೌತವಿಜ್ಞಾನದ ಪಠ್ಯಕ್ಕೆ ಕ್ರಿಟಿಕಾಲಿಟಿ ಸುರಕ್ಷತೆಯನ್ನು ಕಡ್ಡಾಯವಾಗಿ ಸೇರಿಸಿ. ಪಾಠಕ್ಕೆ ಕೈಗಾದ ಅನುಭವಿ ಎಂಜಿನಿಯರ್‌ಗಳನ್ನು ಕರೆಸಿ. ಅಷ್ಟಾಗುವವರೆಗೆ ಇಂಥ ಕಾರ್ಯಾಗಾರಗಳನ್ನು ನಿಲ್ಲಿಸಿ.

– ನಿವೃತ್ತ ಭೌತವಿಜ್ಞಾನ ಉಪನ್ಯಾಸಕ, ಕಾರವಾರ