ಮದ್ದಿಲ್ಲದೆ ಮಾಯವಾದ ಜಾಡ್ಯ

ರೋಗ ಬಂದಾಗ ಔಷಧವನ್ನು ಅರಸುವುದು ಮನುಷ್ಯ ಸ್ವಭಾವ. ಶುಚಿತ್ವವೆಂದರೆ ಹಿರಿಯರು ಮಕ್ಕಳಿಗೆ ಹೇಳುವ ಬುದ್ಧಿಮಾತು, ಔಷಧ ದೊರೆಯದವರ ಸಮಾಧಾನ ಎಂದು ಭಾವಿಸುವವರು ವಿದ್ಯಾವಂತರಲ್ಲಿಯೂ ಉಂಟು. ಈ ಭಾವನೆ ಎಷ್ಟು ತಪ್ಪೆಂಬುದನ್ನು ಅರಿಯಬೇಕಾದರೆ ಭಾರತದಿಂದ ಕಾಲ್ತೆಗೆದ ನಾರುಹುಣ್ಣಿನ ವೃತ್ತಾಂತವನ್ನು ನೋಡಬೇಕು.

ಈ ರೋಗಕ್ಕೆ ಕಾರಣ ದಾರದಂತಹ ಒಂದು ಹುಳು. ಅದರ ಮರಿಗಳನ್ನು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ, ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಜೀವಿಯು ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವನ ದೇಹವನ್ನು ಮರಿಹುಳು ಸೇರುತ್ತದೆ. ಸುಮಾರು ಒಂದು ವರ್ಷದವರೆಗೆ ಅದರ ಸುಳಿವೇ ಇರುವುದಿಲ್ಲ. ಅನಂತರ ಸಾಮಾನ್ಯವಾಗಿ ಕಾಲಿನಲ್ಲಿ ಉರಿಯುವ ಬೊಕ್ಕೆಯೊಂದು ಎದ್ದು ಒಡೆದು, ಒಂದು ಮೀಟರಿನವರೆಗೂ ಬೆಳೆದ ಹೆಣ್ಣುಹುಳು ಹೊರಗೆ ತಲೆದೋರುತ್ತದೆ. ರಭಸದಿಂದ ಎಳೆದರೆ ತುಂಡಾಗುವ ಭಯ. ಸಣ್ಣ ಕಡ್ಡಿಗೆ ಸುತ್ತಿ ದಿನವೂ ಸ್ವಲ್ಪಸ್ವಲ್ಪವಾಗಿ ಹೊರತೆಗೆಯಬೇಕು. ವಾರಗಟ್ಟಲೆ ರೈತನು ಹೊಲಕ್ಕೆ ಹೋಗಲಾರ, ಮಕ್ಕಳು ಶಾಲೆಗೆ ಹೋಗಲಾರರು. ಉರಿ ತಾಳಲಾರದೆ ರೋಗಿಯು ಕಾಲನ್ನು ಬಾವಿಯ ನೀರಿಗೆ ಇಳಿಬಿಟ್ಟನೆಂದರೆ ಹುಳುವು ಸಾವಿರಾರು ಮರಿಗಳನ್ನು ಅಲ್ಲಿ ಚೆಲ್ಲುತ್ತದೆ.

ಈ ಹುಳುವನ್ನು ಕೊಲ್ಲುವ ಮದ್ದಾಗಲಿ, ರೋಗವನ್ನು ತಡೆಯುವ ಲಸಿಕೆಯಾಗಲಿ ಇಲ್ಲ. ಒಮ್ಮೆ ನರಳಿದವನಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. 1984ರಲ್ಲಿ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು. ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಹಳ್ಳಿಗರ ಕೊಳಕುತನವೇ ಇದಕ್ಕೆಲ್ಲ ಕಾರಣವೆಂದು ನಿಂದಿಸುವುದು ನ್ಯಾಯವಲ್ಲ. ಎಷ್ಟೋ ಊರುಗಳಿಗೆ ಇದ್ದುದು ಒಂದೇ ಮೆಟ್ಟಿಲುಬಾವಿ; ನೀರಿಗೆ ಕಾಲಿಡದೆ ಕೊಡ ತುಂಬುವಂತಿರಲಿಲ್ಲ. ಕೊಡವನ್ನು ಥಳಥಳನೆ ಬೆಳಗಿ ತಂದ ಗೃಹಿಣಿಯೂ ಅದೇ ನೀರನ್ನೇ ಹೊತ್ತೊಯ್ಯುತ್ತಿದ್ದಳು. ಆದ್ದರಿಂದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದಲ್ಲಿ ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಲಾಯಿತು, ಕೈಪಂಪುಗಳನ್ನು ಹಾಕಲಾಯಿತು, ಸೈಕ್ಲಾಪ್ಸನ್ನು ನಾಶಮಾಡಲು ನೀರಿಗೆ ಟೆಮಿಫಾಸ್ ಎಂಬ ರಾಸಾಯನಿಕವನ್ನು ಬೆರೆಸಲಾಯಿತು. ಇವು ಸರ್ಕಾರ ಮಾಡಬಹುದಾದ ಕೆಲಸಗಳು. ನೀರನ್ನು ಬಟ್ಟೆಯಲ್ಲಿ ಸೋಸುವುದು, ಹುಣ್ಣಾದವರು ಬಾವಿಗಿಳಿಯದಿರುವುದು ಮಾತ್ರ ಮನೆಮನೆಯ ಕೆಲಸ. (ನೀರು ಸೋಸಿ ಕುಡಿಯುವುದು ಜೈನರ ಪುರಾತನ ಆಚಾರ. ಅವರು ಅಂಜಿದ್ದು ಜೀವಹಿಂಸೆಗೆ. ಆದರೆ ಆ ಆಚಾರ ಆರೋಗ್ಯವನ್ನೂ ಕಾಯುವಂಥದೇ.) ಒಬ್ಬನು ಉದಾಸೀನ ಮಾಡಿದರೂ ಮರುವರ್ಷ ಊರೇ ನರಳಬಹುದಾಗಿತ್ತು. ಇಷ್ಟು ಸಣ್ಣ ಕೆಲಸವನ್ನು ಸಾವಿರಾರು ಹಳ್ಳಿಗಳ ಜನ ವರ್ಷಗಟ್ಟಲೆ ಬಿಡದೆ ಮಾಡಿದರೆಂಬುದೇ ಇಲ್ಲಿನ ದೊಡ್ಡ ಸಂಗತಿ.

1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದವನೇ ದೇಶದ ಕಟ್ಟಕಡೆಯ ರೋಗಿ. ಅನಂತರ ಮೂರು ವರ್ಷ ಹುಡುಕಿದರೂ ಮತ್ತೊಬ್ಬನು ಸಿಗಲಿಲ್ಲ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಸಾರಿತು. ಕಾಲರಾ, ವಿಷಮಶೀತಜ್ವರಗಳಿಗೆ ಮದ್ದೂ ಉಂಟು, ಲಸಿಕೆಯೂ ಉಂಟು. ಆದರೂ ಕುಡಿಯುವ ನೀರಿಗೆ ಕೊಳಚೆ ಬೆರೆಯುವ ಊರುಗಳಲ್ಲಿ ಅವು ಇಂದಿಗೂ ತಲೆದೋರುತ್ತಲೇ ಇವೆ.