ಹಗುರಾದ ತಟ್ಟೆ ಏಕೆ ನಡುಗಿತು?

ಉಪಕರಣವೊಂದು ಕೈಗೆ ಬಂದೊಡನೆ ಅದನ್ನು ತನ್ನ ಕೆಲಸಕ್ಕೆ ತಕ್ಕಂತೆ ತಿದ್ದಿಕೊಳ್ಳುವುದು ಮನುಷ್ಯನ ಹಳೆಯ ಸ್ವಭಾವ. ಒಕ್ಕಲಿಗನು ಕುಡಗೋಲಿನ ಹಿಡಿಯನ್ನು ತನ್ನ ಅಂಗೈಗೆ ಒಪ್ಪುವಂತೆ ಕೆತ್ತಿಕೊಳ್ಳುತ್ತಾನೆ. ಬಡಗಿಯು ಸವೆದ ಅರವನ್ನು ಮಸೆದು ಉಳಿಯನ್ನಾಗಿ ಮಾಡಿಕೊಳ್ಳುತ್ತಾನೆ. ಈ ಸ್ವಭಾವವನ್ನು ಹಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಆದರೆ ಉಪಕರಣವು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಂಥದಾದರೆ, ಕೈಯ ಜಾಣ್ಮೆಯೊಡನೆ ಲೆಕ್ಕವೂ ಕೂಡಿರಬೇಕು ಎಂಬುದು ನಮ್ಮ ವಾದ. ಇದನ್ನು ನಮಗೆ ಚೆನ್ನಾಗಿ ಮನಗಾಣಿಸಿದುದು ಗೋಕಾಕ ತಾಲೂಕಿನ ಮಮದಾಪುರದ ಒಂದು ಸಣ್ಣ ಗ್ಯಾರೇಜು.

ಅಲ್ಲಿ ಕಾರುಗಳಿಗೆ ಬಣ್ಣ ಹಚ್ಚಿ ಹೊಳಪು ಕೊಡುವ ಕೆಲಸದಲ್ಲಿರುವ ತರುಣನು ಕೆಲವು ವರ್ಷಗಳ ಹಿಂದೆ ನಮ್ಮ ಪಿಯುಸಿ ತರಗತಿಯಲ್ಲಿ ಕುಳಿತಿದ್ದವನು. ಅವನ ಬಫಿಂಗ್ ಮಶೀನಿನ ತುದಿಗೆ 150 ಮಿಲಿಮೀಟರು ವ್ಯಾಸದ ಆಧಾರ ತಟ್ಟೆಯೊಂದಿತ್ತು. ಹೊಳಪು ಕೊಡುವ ಸ್ಪಂಜಿನ ಪ್ಯಾಡು ಅಂಟಿಕೊಳ್ಳುವುದು ಈ ತಟ್ಟೆಗೆ. ಬಾಗಿಲ ಹಿಡಿಕೆಯ ಕೆಳಗೆ, ದೀಪಗಳ ಅಂಚಿನಲ್ಲಿ, ಬಂಪರಿನ ತಿರುವುಗಳಲ್ಲಿ ಅಷ್ಟು ದೊಡ್ಡ ಪ್ಯಾಡು ಹೋಗದು. ಸಣ್ಣ ಪ್ಯಾಡುಗಳು ಅವನಿಗೆ ದೊರೆತಿದ್ದವು. ಅವಕ್ಕೆ ಒಪ್ಪುವ ತಟ್ಟೆ ದೊರೆತಿರಲಿಲ್ಲ. ಆದುದರಿಂದ ಹಳೆಯ ತಟ್ಟೆಯನ್ನೇ 75 ಮಿಲಿಮೀಟರಿಗೆ ಕತ್ತರಿಸಿ, ಅಂಚನ್ನು ಉಜ್ಜಿ ದುಂಡಗೆ ಮಾಡಿಕೊಂಡಿದ್ದನು. ಕೆಲಸವೇನೋ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಮಶೀನನ್ನು ಚಾಲೂ ಮಾಡಿದೊಡನೆ ಅದು ಕೈಯಲ್ಲಿ ನಿಲ್ಲದೆ ನಡುಗತೊಡಗಿತು. “ಸರ್, ತಟ್ಟಿ ಹಗರ ಮಾಡೀನ್ರಿ. ಹಗರಾದಮ್ಯಾಲ ನಡುಕ ಕಡಿಮಿ ಆಗಬೇಕಿತ್ತಲ್ರಿ? ಮೊದಲಿಗಿಂತ ಜಾಸ್ತಿ ಆಗೇತಿ” ಎಂದು ಅವನು ನಮ್ಮನ್ನು ಕೇಳಿದನು.

ಪ್ರಶ್ನೆ ಒಳ್ಳೆಯದು. ಉತ್ತರವು ಯಂತ್ರದ ಒಳಗಿದೆ.

ಇಂಥ ಯಂತ್ರಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ತಟ್ಟೆಯು ಯಂತ್ರದ ಅಕ್ಷದ ಸುತ್ತ ಕುಂಬಾರನ ಚಕ್ರದಂತೆ ನೇರವಾಗಿ ತಿರುಗುತ್ತದೆ. ಎರಡನೆಯದರಲ್ಲಿ ತಟ್ಟೆಯ ಕೇಂದ್ರವು ಅಕ್ಷದಿಂದ ಕೆಲವು ಮಿಲಿಮೀಟರು ಪಕ್ಕಕ್ಕೆ ಸರಿದಿರುತ್ತದೆ. ತಟ್ಟೆಯು ತನ್ನ ಸುತ್ತ ತಿರುಗುವುದಲ್ಲದೆ ಅಕ್ಷದ ಸುತ್ತಲೂ ಸಣ್ಣದೊಂದು ವೃತ್ತದಲ್ಲಿ ಸಂಚರಿಸುತ್ತದೆ. ಇದನ್ನು ಉತ್ಕೇಂದ್ರ ಯಂತ್ರವೆನ್ನಬಹುದು. ಬಣ್ಣದ ಮೇಲೆ ಸುರುಳಿಗೆರೆಗಳು ಕಡಿಮೆ ಮೂಡುತ್ತವೆಂದು ಈ ಬಗೆಯನ್ನು ಅನೇಕರು ಮೆಚ್ಚುತ್ತಾರೆ. ನಮ್ಮ ತರುಣನದೂ ಇದೇ ಬಗೆಯ ಯಂತ್ರ.

ಪಕ್ಕಕ್ಕೆ ಸರಿದ ಭಾರವೊಂದು ವೇಗವಾಗಿ ಸುತ್ತುತ್ತಿದ್ದರೆ ಯಂತ್ರವೆಲ್ಲ ಅದರೊಡನೆ ಅಲುಗಾಡಬೇಕಷ್ಟೆ. ಹಾಗಾಗದಿರಲೆಂದು ತಯಾರಕನು ಅಕ್ಷದ ಎದುರು ಬದಿಯಲ್ಲಿ ಲೋಹದ ಪ್ರತಿಭಾರವೊಂದನ್ನು ಇಟ್ಟಿರುತ್ತಾನೆ. ಆ ಪ್ರತಿಭಾರದ ಅಳತೆಯು ತಟ್ಟೆ ಮತ್ತು ಪ್ಯಾಡುಗಳ ಒಟ್ಟು ತೂಕಕ್ಕೆ ಸರಿಹೊಂದುವಂತೆ ನಿಗದಿಯಾಗಿರುತ್ತದೆ. ಹೆಗಲ ಮೇಲೆ ಕಾವಡಿ ಹೊತ್ತು ನಡೆಯುವವನನ್ನು ನೆನೆಯಿರಿ. ಎರಡೂ ಕೊಡಗಳು ತುಂಬಿದ್ದರೆ ಅವನು ಸಲೀಸಾಗಿ ನಡೆಯುತ್ತಾನೆ. ಒಂದು ಕೊಡದ ಅರ್ಧ ನೀರನ್ನು ಚೆಲ್ಲಿದರೆ ಹೊರೆ ಕಡಿಮೆಯಾಯಿತು, ನಿಜ. ಆದರೆ ನಡಿಗೆ ಕಷ್ಟವಾಯಿತು. ತಟ್ಟೆಯನ್ನು ಕತ್ತರಿಸಿದಾಗ ತರುಣನು ಮಾಡಿದ್ದು ಇದನ್ನೇ. ಒಂದು ಬದಿಯ ಭಾರ ಇಳಿಯಿತು, ಎದುರು ಬದಿಯ ಪ್ರತಿಭಾರ ಹಾಗೆಯೇ ಉಳಿಯಿತು.

ಎಷ್ಟು ಭಾರ ಇಳಿದಿತ್ತು? ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಅವನ ಬಳಿಯಿದ್ದ ಇನ್ನೊಂದು ಅಂಥದೇ ದೊಡ್ಡ ತಟ್ಟೆಯನ್ನೂ ದೊಡ್ಡ ಪ್ಯಾಡನ್ನೂ ಕೂಡಿಯೇ ತೂಗಿದೆವು. ಅನಂತರ ಕತ್ತರಿಸಿದ ತಟ್ಟೆಯನ್ನೂ ಸಣ್ಣ ಪ್ಯಾಡನ್ನೂ ತೂಗಿದೆವು. ವ್ಯತ್ಯಾಸ ಸುಮಾರು 100 ಗ್ರಾಂ. ತಟ್ಟೆಯ ಕೇಂದ್ರವು ಅಕ್ಷದಿಂದ ಸರಿದಿದ್ದುದು 4 ಮಿಲಿಮೀಟರು. ಯಂತ್ರದ ವೇಗ ನಿಮಿಷಕ್ಕೆ 4,000 ಸುತ್ತು, ಎಂದರೆ ಸೆಕೆಂಡಿಗೆ 67ರಷ್ಟು. ಕೋನವೇಗವು ಸೆಕೆಂಡಿಗೆ ಸುಮಾರು 419 ರೇಡಿಯನ್. ರಾಶಿ, ತ್ರಿಜ್ಯ, ಕೋನವೇಗದ ವರ್ಗ, ಈ ಮೂರನ್ನು ಗುಣಿಸಿದರೆ ದೊರೆಯುವ ಬಲ 70 ನ್ಯೂಟನ್. ಇದು 7 ಕಿಲೋಗ್ರಾಂ ತೂಕಕ್ಕೆ ಸಮ! ಕಿಸೆಯಲ್ಲಿಟ್ಟರೆ ಇದೆಯೋ ಇಲ್ಲವೋ ಎಂಬಂತಿರುವ 100 ಗ್ರಾಂ, ಇಲ್ಲಿ 7 ಕಿಲೋಗ್ರಾಮಿನ ಎಳೆತವಾಗಿ ಸೆಕೆಂಡಿಗೆ 67 ಸಲ ದಿಕ್ಕು ಸುತ್ತಿಸುತ್ತ ಕೈಯನ್ನು ಜಗ್ಗುತ್ತಿತ್ತು. ವೇಗವನ್ನು ಅರ್ಧಕ್ಕಿಳಿಸಿದರೆ ಈ ಬಲವು ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಅಷ್ಟು ಮಂದವಾಗಿ ತಿರುಗುವ ಯಂತ್ರದಿಂದ ಕೆಲಸ ಸಾಗದು. ಇಂಥ ನಡುಕವನ್ನು ದಿನವೂ ತಾಸುಗಟ್ಟಲೆ ಹಿಡಿದಿರುವುದರಿಂದ ಯಂತ್ರದ ಬೇರಿಂಗುಗಳು ಕೆಡುತ್ತವೆ. ಅದಕ್ಕಿಂತ ಮಿಗಿಲಾಗಿ ಬೆರಳುಗಳ ನರಗಳಿಗೂ ರಕ್ತನಾಳಗಳಿಗೂ ಹಾನಿಯಾಗಬಹುದೆಂದು ವೈದ್ಯಶಾಸ್ತ್ರ ಎಚ್ಚರಿಸುತ್ತದೆ.

ನೇರವಾಗಿ ತಿರುಗುವ ಯಂತ್ರದಲ್ಲಿ ಈ ತೊಡಕಿಲ್ಲ. ಅಲ್ಲಿ ತಟ್ಟೆಯ ತೂಕ ಇಳಿದರೂ, ಅದರ ಕೇಂದ್ರವು ಅಕ್ಷದ ಮೇಲೆಯೇ ಇದ್ದರೆ ಸಮತೋಲನ ಕೆಡದು. ಆದರೆ ಕತ್ತರಿಸುವಾಗ ಕೇಂದ್ರವು ಒಂದೇ ಮಿಲಿಮೀಟರು ತಪ್ಪಿತೆನ್ನಿ. ತಟ್ಟೆಯ ತೂಕ 80 ಗ್ರಾಂ ಇದ್ದು ವೇಗ ನಿಮಿಷಕ್ಕೆ 1,500 ಸುತ್ತು ಇದ್ದರೆ ಎಳೆತವು 200 ಗ್ರಾಂ ತೂಕದಷ್ಟು, ಸಹಿಸಬಹುದು. ಅದೇ ತಟ್ಟೆಯನ್ನು ನಿಮಿಷಕ್ಕೆ 11,000 ಸುತ್ತು ತಿರುಗುವ ಗ್ರೈಂಡರಿಗೆ ಸಿಕ್ಕಿಸಿದರೆ? ಎಳೆತವು 10 ಕಿಲೋಗ್ರಾಂ ತೂಕವನ್ನು ಮೀರುತ್ತದೆ. ಮಶೀನು ಇಲ್ಲದವರು ಗ್ರೈಂಡರಿಗೇ ಪ್ಯಾಡು ಕಟ್ಟುವುದನ್ನು ನಾವು ಕಂಡಿದ್ದೇವೆ. ತಟ್ಟೆಯ ಹಿಂಬದಿಯಲ್ಲಿ ಅಚ್ಚೊತ್ತಿರುವ ಗರಿಷ್ಠ ವೇಗದ ಅಂಕಿಯನ್ನು ಅವರು ಒಮ್ಮೆ ಓದಬೇಕೆಂದು ಪ್ರಾರ್ಥಿಸುತ್ತೇವೆ.

ಇನ್ನು ಕಾಣದ ಅಪಾಯವೊಂದಿದೆ, ಅದು ಉಷ್ಣದ್ದು. ನೇರ ತಿರುಗುವ ಯಂತ್ರವನ್ನೇ ತೆಗೆದುಕೊಳ್ಳೋಣ. ಪ್ಯಾಡಿನ ವ್ಯಾಸ ಅರ್ಧವಾದರೆ ಅದರ ಮೇಲಣ ಬಿಂದುಗಳ ಸರಾಸರಿ ವೇಗವೂ ಅರ್ಧವಾಗುತ್ತದೆ. ಕೈಯ ಒತ್ತಡ ಮೊದಲಿನಷ್ಟೇ ಇದ್ದರೆ, ಘರ್ಷಣೆಯಿಂದ ಹುಟ್ಟುವ ಒಟ್ಟು ಉಷ್ಣವೂ ಅರ್ಧ. ಆದರೆ ಪ್ಯಾಡಿನ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿದಿದೆ. ಅರ್ಧ ಉಷ್ಣವು ಕಾಲು ಜಾಗದಲ್ಲಿ ಸೇರಿದುದರಿಂದ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಉಷ್ಣ ಇಮ್ಮಡಿಯಾಯಿತು. ಅಂಚಿನ ವೇಗ ಕಡಿಮೆಯಾಯಿತೆಂದು ಸುತ್ತನ್ನು ಇಮ್ಮಡಿಸಿದರೆ, ಈ ಉಷ್ಣವು ಮೊದಲಿನ ನಾಲ್ಕು ಪಟ್ಟಾಗುತ್ತದೆ.

ಘರ್ಷಣೆಯ ಉಷ್ಣವನ್ನು ಹದವರಿತು ಬಳಸುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಚನ್ನಪಟ್ಟಣದ ಆಟಿಗೆಯ ಕುಶಲಿಯು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅಲ್ಲಿ ಕರಗಬೇಕಾದುದೇ ಅರಗು. ಕಾರಿನ ಮೇಲಾದರೋ ಕರಗಬಾರದ ಪದರವಿದೆ. ಬಣ್ಣದ ಮೇಲಿನ ಪಾರದರ್ಶಕ ಲೇಪದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಎಂದರೆ ತಲೆಗೂದಲಿಗಿಂತಲೂ ತೆಳ್ಳಗೆ. ಸಣ್ಣ ಪ್ಯಾಡು ಬೇಕಾಗುವುದು ಹೆಚ್ಚಾಗಿ ಬಂಪರಿನಂಥ ಪ್ಲಾಸ್ಟಿಕ್ ಭಾಗಗಳಿಗೆ. ಉಕ್ಕಿನ ತಗಡು ಉಷ್ಣವನ್ನು ಬೇಗ ಹರಡಿಬಿಡುತ್ತದೆ. ಪ್ಲಾಸ್ಟಿಕ್ಕು ಹರಡದೆ ಒಂದೆಡೆ ಹಿಡಿದಿಡುತ್ತದೆ. ಲೇಪ ಸುಟ್ಟರೆ ಮತ್ತೆ ಬಣ್ಣ ಹಚ್ಚಬೇಕು. ಅದರ ವೆಚ್ಚ ಬೀಳುವುದು ಬಡ ಕೆಲಸಗಾರನ ಕೂಲಿಯ ಮೇಲೆ.

ಹಾಗಾದರೆ ತಟ್ಟೆಯನ್ನು ಮುಟ್ಟಲೇಬಾರದೇ? ತಯಾರಕರು ಕೊಟ್ಟುದನ್ನು ಕೊಟ್ಟಂತೆ ಬಳಸಬೇಕು, ಕೈಯಾಡಿಸಬಾರದು ಎನ್ನುವವರುಂಟು. ಸುರಕ್ಷಿತವಾದ ಮಾತು, ಆದರೆ ಈ ಮಾತನ್ನೇ ಎಲ್ಲರೂ ಪಾಲಿಸಿದ್ದರೆ ಹೊಸ ಉಪಕರಣಗಳು ಹುಟ್ಟುತ್ತಲೇ ಇರಲಿಲ್ಲ. ನಮ್ಮ ಅಭಿಪ್ರಾಯವಿಷ್ಟು. ನೇರ ತಿರುಗುವ ಯಂತ್ರದ ತಟ್ಟೆಯನ್ನು ಕಿರಿದುಗೊಳಿಸಬಹುದು. ಆದರೆ ಅದನ್ನು ಕಣ್ಣಳತೆಯಲ್ಲಿ ಕೊಯ್ಯದೆ, ತಟ್ಟೆಯ ಸ್ವಂತ ತಿರುಪನ್ನೇ ಆಧಾರವಾಗಿ ಹಿಡಿದು ಲೇಥಿನ ಮೇಲೆ ಕಡೆಯಿಸಬೇಕು. ಆಗ ಕೇಂದ್ರ ತಪ್ಪದು. ಒಳಗಿನ ಗಟ್ಟಿ ನೈಲಾನ್ ಇಲ್ಲವೆ ಲೋಹದ ಬಿಲ್ಲೆಯು ಅಂಚಿನಲ್ಲಿ ಹೊರಗೆ ಕಾಣುವಂತಿದ್ದರೆ ಆ ತಟ್ಟೆಯನ್ನು ಬಿಟ್ಟುಬಿಡಬೇಕು. ತಟ್ಟೆಯು ಪ್ಯಾಡಿಗಿಂತ ತುಸು ಚಿಕ್ಕದಿರಬೇಕು. ಇಲ್ಲವಾದರೆ ಗಟ್ಟಿ ಅಂಚು ಬಣ್ಣಕ್ಕೆ ತಾಗುತ್ತದೆ. ಒತ್ತಡವನ್ನು ಕಡಿಮೆ ಮಾಡಬೇಕು. ಪ್ಯಾಡನ್ನು ಒಂದೆಡೆ ನಿಲ್ಲಿಸಬಾರದು. ಉತ್ಕೇಂದ್ರ ಯಂತ್ರದ ತಟ್ಟೆಯನ್ನಾದರೋ ಕತ್ತರಿಸಬಾರದು. ಕಳೆದ ತೂಕವನ್ನು ತುಂಬಲು ಲೋಹದ ತುಂಡನ್ನು ಅಂಟಿಸುವುದು ಇನ್ನೂ ಕೆಟ್ಟದ್ದು. ಕಳಚಿದ ತುಂಡು ಗುಂಡಿನಂತೆ ಹಾರೀತು. ಆ ಯಂತ್ರಕ್ಕೆಂದೇ ತೂಕ ಹೊಂದಿಸಿ ಮಾಡಿದ ಸಣ್ಣ ತಟ್ಟೆಯನ್ನು ತರಿಸುವುದೇ ಲೇಸು.

ಲೆಕ್ಕವನ್ನೆಲ್ಲ ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದಾಗ ತರುಣನು ಸ್ವಲ್ಪ ಹೊತ್ತು ಸುಮ್ಮನಿದ್ದು, ಟೈರಿನ ಅಂಗಡಿಯಲ್ಲಿ ಗಾಲಿಯ ಅಂಚಿಗೆ ಸಣ್ಣ ಸಣ್ಣ ಸೀಸದ ತುಂಡುಗಳನ್ನು ಸಿಕ್ಕಿಸುವುದು ಇದಕ್ಕೇ ಏನು ಎಂದು ಕೇಳಿದನು. ಅದಕ್ಕೇ. ಈ ಸೂತ್ರವನ್ನು ಅವನು ಕಲಿತಿದ್ದನು. ಪರೀಕ್ಷೆಯಲ್ಲಿ ಬರೆದೂ ಇದ್ದನು. ಕಲಿಸಿದವರು ನಾವೇ. ಆದರೆ ದಾರಕ್ಕೆ ಕಟ್ಟಿದ ಕಲ್ಲನ್ನು ಬಿಟ್ಟು ಬೇರೆ ಉದಾಹರಣೆಯನ್ನು ನಾವು ಕೊಟ್ಟಿರಲಿಲ್ಲ. ಅವನ ಕೈ ನಡುಗಿದ್ದರಲ್ಲಿ ನಮ್ಮ ಪಾಲೂ ಇದೆ ಎಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಘಟಪ್ರಭೆಯ ನೀರಿನ ಬಲದಿಂದ 1887ರಲ್ಲಿಯೇ ಹತ್ತಿಯ ಗಿರಣಿಯನ್ನು ನಡೆಸಿದ ಸೀಮೆ ಇದು. ತಿರುಗುವ ಚಕ್ರ ಇಲ್ಲಿಯ ಜನಕ್ಕೆ ಅಪರಿಚಿತವಲ್ಲ. ಆದರೂ ಕಾಲೇಜಿನ ಪ್ರಯೋಗಶಾಲೆಯೊಂದು ಲೋಕ, ರಸ್ತೆಯ ಬದಿಯ ಗ್ಯಾರೇಜು ಇನ್ನೊಂದು ಲೋಕ ಎಂಬಂತೆ ನಾವು ನಡೆದುಕೊಳ್ಳುತ್ತಿದ್ದೇವೆ. ಅಲ್ಲಿ ಲೆಕ್ಕವಿದೆ, ಕೆಲಸವಿಲ್ಲ. ಇಲ್ಲಿ ಕೆಲಸವಿದೆ, ಲೆಕ್ಕವಿಲ್ಲ. ವಿದ್ಯಾರ್ಥಿ ಮಿತ್ರರು ವೃತ್ತೀಯ ಚಲನೆಯ ಪಾಠ ಮುಗಿದ ವಾರದಲ್ಲಿ ಹತ್ತಿರದ ಗ್ಯಾರೇಜಿಗೆ ಒಮ್ಮೆ ಹೋಗಿ, ಮೇಸ್ತ್ರಿಯ ಅಪ್ಪಣೆ ಪಡೆದು, ತಿರುಗುವ ಒಂದು ವಸ್ತುವನ್ನು ತೂಗಿ, ಅಳೆದು, ಲೆಕ್ಕಹಾಕಲಿ. ಮೇಸ್ತ್ರಿಗೂ ಆ ಲೆಕ್ಕವನ್ನು ತಿಳಿಸಿ ಬರಲಿ. ಅಧ್ಯಾಪಕರಾದ ನಾವು ಅಂಥ ಲೆಕ್ಕವನ್ನು ತರಗತಿಗೆ ತರೋಣ.

ಕತ್ತರಿಸಿದ ತಟ್ಟೆಯನ್ನು ತರುಣನು ಎಸೆಯಲಿಲ್ಲ. ಅದನ್ನು ನಮಗೆ ಕೊಟ್ಟನು. ಈಗ ಅದು ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲಿದೆ. ಈ ವರ್ಷದ ವಿದ್ಯಾರ್ಥಿಗಳು ಮೊದಲು ತೂಗುವುದು ಅದನ್ನೇ.