ಬಾಣಲೆ ತರಲು ಹೋದ ವೀರ

ರಾತ್ರಿ ಹತ್ತು ದಾಟಿದ ಮೇಲೆ ಬೊಮ್ಮನಹಳ್ಳಿಯ ಪಿ.ಜಿ.ಗಳಲ್ಲಿ ಇನ್ನೊಂದು ಪಾಳಿ ಶುರುವಾಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಬಂದು, ಅನ್ನ ಸಾರು ಮುಗಿಸಿ, ಲ್ಯಾಪ್‌ಟಾಪ್ ತೆರೆದ ಹುಡುಗ ಕತ್ತಿ ಹಿರಿಯುತ್ತಾನೆ. ಪರದೆಯ ಮೇಲೆ ರಾಜ್ಯ ಹತ್ತಿ ಉರಿಯುತ್ತಿದೆ, ನೀನೇ ಗತಿ ಎಂದು ಜನ ಗೋಳಿಡುತ್ತಿದ್ದಾರೆ. ನಮ್ಮ ವೀರ ಮಾತ್ರ ಯಾರದೋ ಕಳೆದುಹೋದ ಉಂಗುರ ಹುಡುಕುತ್ತ ಹೊಲದ ಬದುವಿನಲ್ಲಿ ಅಲೆಯುತ್ತಿರುತ್ತಾನೆ. ನಮ್ಮ ಮೇಲಿನ ಮಹಡಿಯ ಹುಡುಗನನ್ನು ಕೇಳಿದೆ, ಇದೇನಪ್ಪ ಹೀಗೆ ಅಂತ. ‘ಮೇನ್ ಕ್ವೆಸ್ಟ್ ಎಲ್ಲಿಗೂ ಓಡಿಹೋಗಲ್ಲ ಅಂಕಲ್, ಮೊದಲು ಸೈಡ್ ಕ್ವೆಸ್ಟ್ ಮುಗಿಸ್ಕೊಳ್ತೀನಿ’ ಅಂದ.

ಅವನು ಹೇಳಿದ್ದು ಸರಿಯೇ. 2011ರಲ್ಲಿ ಬಂದ ವಿಡಿಯೊ ಗೇಮ್ ಸ್ಕೈರಿಮ್‌ನಲ್ಲಿ ಲೋಕವನ್ನೇ ನುಂಗಲು ಬಂದ ಡ್ರ್ಯಾಗನ್, ಆಡುವವನು ಮನೆ ಕಟ್ಟಿ ಮದುವೆಯಾಗಿ ಸಂಸಾರ ಹೂಡಿದರೂ ಕಾಯುತ್ತಲೇ ಇರುತ್ತದೆ.

ಇಂಥ ಉಪಕೆಲಸಗಳಲ್ಲಿ ನನಗೆ ಮೆಚ್ಚಿಗೆಯಾದದ್ದು 2015ರ ‘ದಿ ವಿಚರ್ 3’ ಆಟದ ಆರಂಭದಲ್ಲೇ ಸಿಗುವ ಒಂದು ಬಾಣಲೆ ಪ್ರಸಂಗ. ಗೆರಾಲ್ಟ್ ಎಂಬ ನರೆತ ಬೇಟೆಗಾರ ತನ್ನವಳನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದಾನೆ. ಒಂದು ಗುಡಿಸಲಿನ ಬಾಗಿಲಲ್ಲಿ ಮುದುಕಿಯೊಬ್ಬಳು ನಿಂತಿದ್ದಾಳೆ. ಒಳಗೆ ಬಂದು ಸೇರಿಕೊಂಡವನಿಗೆ ತನ್ನ ಬಾಣಲೆ ಕೊಟ್ಟಿದ್ದಳಂತೆ, ಅವನು ಬಾಗಿಲು ಹಾಕಿಕೊಂಡವನು ತೆಗೆಯುತ್ತಿಲ್ಲವಂತೆ. ಗೆರಾಲ್ಟ್ ಬಾಗಿಲು ಒಡೆದು ನೋಡಿದರೆ ಅಲ್ಲೊಂದು ಹೆಣ, ಸುಟ್ಟ ಕಾಗದಗಳು. ಯಾರೋ ಬಾಣಲೆಯ ಮಸಿ ಕೆರೆದು ಶಾಯಿ ಮಾಡಿಕೊಂಡಿದ್ದಾರೆ, ಅದಕ್ಕೇ ಅದು ಫಳಫಳ ಹೊಳೆಯುತ್ತಿದೆ. ಯುದ್ಧ, ಗೂಢಚಾರಿಕೆ, ಕೊಲೆ ಎಲ್ಲವೂ ಆ ಒಂದು ಕೋಣೆಯಲ್ಲಿವೆ. ಮುದುಕಿಗೆ ಅದರ ಗೊಡವೆ ಬೇಕಿಲ್ಲ. ಅವಳ ಬಾಣಲೆ ಬಂತು, ತೊಳೆದದ್ದೂ ಆಗಿತ್ತು. ವೀರನಿಗೆ ಹೇಳಿಕೊಳ್ಳುವಂಥ ಸಂಭಾವನೆಯೂ ಇಲ್ಲ. ಇದನ್ನು ಮಾಡದಿದ್ದರೆ ಮುಂದಿನ ಕಥೆಗೆ ಕೂದಲಷ್ಟೂ ಕೊಂಕಿಲ್ಲ. ಆದರೆ ಆ ಯುದ್ಧದ ಬಿಸಿ ಬಡವರ ಅಡುಗೆಮನೆಗೆ ಹೇಗೆ ತಟ್ಟಿತು ಎಂಬುದು ರಾಜರ ದೃಶ್ಯಗಳಲ್ಲಿ ತಿಳಿಯುವುದಿಲ್ಲ, ಇಲ್ಲಿ ತಿಳಿಯುತ್ತದೆ.

ಹೀಗೆ ದಾರಿ ಬಿಟ್ಟು ಹೋಗುವ ರುಚಿ ನಮಗೇನು ಹೊಸದಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಮುಖ್ಯ ಕೆಲಸ ಧರ್ಮರಾಯನ ಅಶ್ವಮೇಧ. ಕಾವ್ಯ ಮಾತ್ರ ಕುದುರೆಯ ಹಿಂದೆ ಹೋಗುತ್ತದೆ. ಅದು ನಿಂತಲ್ಲೆಲ್ಲ ಒಂದೊಂದು ಕಥೆ: ಸುಧನ್ವನ ಕಾದೆಣ್ಣೆಯ ಕೊಪ್ಪರಿಗೆ, ತಂದೆಯನ್ನೇ ಕೆಡವಿದ ಬಭ್ರುವಾಹನ, ಸಾಯಿಸಲು ಕಳಿಸಿದ ಓಲೆಯೇ ಮದುವೆಯ ಓಲೆಯಾದ ಚಂದ್ರಹಾಸನ ಅದೃಷ್ಟ. ಯಾಗ ಕೊನೆಗೆ ಹೇಗೆ ನಡೆಯಿತು ಎಂದು ಕೇಳಿದರೆ ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಚಂದ್ರಹಾಸ ಮಾತ್ರ ಯಕ್ಷಗಾನದ ರಂಗಸ್ಥಳ ಏರಿ ಬೆಳಗಿನ ತನಕ ಕುಣಿದವನು.

ಹಾಗಾಗಿ ಹುಡುಗ ದಾರಿ ತಪ್ಪಿದ್ದಕ್ಕೆ ನನ್ನ ತಕರಾರಿಲ್ಲ. ಅವನು ‘ಮುಗಿಸ್ಕೊಳ್ತೀನಿ’ ಅಂದನಲ್ಲ, ಅಲ್ಲಿ ನನಗೆ ಗುಮಾನಿ. ಹಗಲೆಲ್ಲ ಆಫೀಸಿನಲ್ಲಿ ಟಿಕೆಟ್ ಕ್ಲೋಸ್ ಮಾಡುವ ಕೆಲಸ ಅವನದು. ರಾತ್ರಿ ಆಟದ ಪಟ್ಟಿ ತೆರೆದು ಒಂದೊಂದಕ್ಕೇ ಗುರುತು ಹಾಕುತ್ತ ಬರುತ್ತಾನೆ. ಮುದುಕಿ ಮಾತಾಡುತ್ತಿದ್ದರೆ ಬಟನ್ ಒತ್ತಿ ಮಾತು ಹಾರಿಸುತ್ತಾನೆ. ಎಲ್ಲಿಗೆ ಹೋಗಬೇಕೆಂದು ಮ್ಯಾಪ್ ಹೇಳುತ್ತದೆ, ಏನು ತರಬೇಕೆಂದು ಪಟ್ಟಿ ಹೇಳುತ್ತದೆ, ಬಾಣಲೆ ಯಾಕೆ ಹೊಳೆಯುತ್ತಿದೆ ಎಂದು ಅವನು ನೋಡುವುದಿಲ್ಲ. ಗೇಮ್ ಟೆಸ್ಟಿಂಗ್ ಮಾಡುವವರಿಗೆ ಒಂದನ್ನೂ ಬಿಡುವಂತಿಲ್ಲ, ಅದು ಅವರ ಹೊಟ್ಟೆಪಾಡು. ಇವನಿಗೆ ಸಂಬಳವೂ ಇಲ್ಲ.

ಈ ಚಟ ಆಟ ಮಾಡುವವರಿಗೂ ಗೊತ್ತಿದೆ. ನಿಂಟೆಂಡೊ 2017ರಲ್ಲಿ ತಂದ ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ಕಲ್ಲಿನಡಿ, ಮರದ ತುದಿ, ಗುಡ್ಡದ ನೆತ್ತಿಯಲ್ಲೆಲ್ಲ ಕೊರೊಕ್ ಎಂಬ ಪುಟ್ಟ ವನಜೀವಿಗಳು ಅಡಗಿವೆ. ಕಂಡುಹಿಡಿದರೆ ಒಂದೊಂದು ಬೀಜ. ಒಟ್ಟು 900. ಆಯುಧದ ಚೀಲವನ್ನು ಪೂರ್ತಿ ಹಿಗ್ಗಿಸಿಕೊಳ್ಳಲು 441 ಸಾಕು. ಅಷ್ಟಕ್ಕೇ ನಿಲ್ಲದೆ ಎಲ್ಲವನ್ನೂ ಹೆಕ್ಕಿ ತಂದವನಿಗೆ ಸಿಗುವ ಬಹುಮಾನ ಲದ್ದಿಯ ಆಕಾರದ ಒಂದು ಚಿನ್ನದ ಮುದ್ದೆ. ಇದಕ್ಕಿಂತ ನೇರವಾಗಿ ಹೇಳುವುದು ಹೇಗೆ?

ಎಷ್ಟೋ ಆಟಗಳಲ್ಲಿ ಕೆಲಸ ಕೊಡುವವರ ತಲೆಯ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ. ಬೊಮ್ಮನಹಳ್ಳಿಯ ಪಕ್ಕದಲ್ಲೇ ಬೇಗೂರಿನ ನಾಗೇಶ್ವರ ದೇವಸ್ಥಾನವಿದೆ. ಬೆಂಗಳೂರಿನ ಹೆಸರು ಬರುವ, ಸುಮಾರು ಕ್ರಿ.ಶ. 890ರ ಶಾಸನ ಅಲ್ಲಿನದು. ಅದರ ಮೇಲೆ ಯಾರೂ ಹಳದಿ ಚಿಹ್ನೆ ಇಟ್ಟಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಬಂದ ಮೇಲೆ ನಮ್ಮ ಹುಡುಗ ಸಿಲ್ಕ್ ಬೋರ್ಡಿನ ಜಂಜಾಟ ಕಡಿಮೆಯಾಯಿತೆಂದು ಖುಷಿಯಾಗಿದ್ದಾನೆ, ಉಳಿದ ಹೊತ್ತನ್ನು ಕೊರೊಕ್‌ಗಳಿಗೆ ಕೊಟ್ಟಿದ್ದಾನೆ. ಕೊಡಲಿ ಬಿಡಿ. ಭಾನುವಾರ ಶಾಸನ ನೋಡಲೇಬೇಕು ಎಂದು ನಾನು ಪಟ್ಟಿ ಹಿಡಿದು ನಿಂತರೆ ಅದೂ ಇನ್ನೊಂದು ಟಿಕೆಟ್ ಆದೀತು.

ದಾರಿ ಬಿಟ್ಟು ಹೋಗುವುದಕ್ಕೆ ಬೆಲೆ ತೆರಬೇಕಾದ ಆಟವೂ ಒಂದಿದೆ. 2000ದಲ್ಲಿ ಬಂದ ‘ಮಜೋರಾಸ್ ಮಾಸ್ಕ್’. ಅಲ್ಲಿ ಮೂರು ದಿನಕ್ಕೆ ಚಂದ್ರ ಊರಿನ ಮೇಲೆ ಬೀಳುತ್ತಾನೆ, ಯಾರಿಗೋಸ್ಕರವೂ ಕಾಯುವುದಿಲ್ಲ. ಛತ್ರ ನಡೆಸುವ ಆಂಜು, ಶಾಪದಿಂದ ಹುಡುಗನಾಗಿ ತಲೆಮರೆಸಿಕೊಂಡ ಅವಳ ವರ ಕಾಫೆ, ಇಬ್ಬರನ್ನೂ ಸೇರಿಸಬೇಕಾದರೆ ಮೂರು ದಿನವೂ ಅವರ ಗಡಿಯಾರಕ್ಕೇ ಓಡಬೇಕು. ರಾಕ್ಷಸರ ಕಡೆ ತಲೆ ಹಾಕಲು ಪುರಸೊತ್ತಿಲ್ಲ. ಚಂದ್ರ ನೆತ್ತಿಯ ಮೇಲಿರುವಾಗ ಅವರು ಕೂಡುತ್ತಾರೆ. ಆಮೇಲೆ ಊರು ಉಳಿಯಬೇಕೆಂದರೆ ಸಾಮಾನ್ಯವಾಗಿ ಕಾಲವನ್ನು ಹಿಂದಕ್ಕೆ ತಿರುಗಿಸಬೇಕು. ತಿರುಗಿಸಿದರೆ ಅವರಿಬ್ಬರಿಗೆ ಏನೂ ನೆನಪಿರುವುದಿಲ್ಲ, ನಿಮ್ಮ ಕೈಯಲ್ಲಿ ಅವರು ಕೊಟ್ಟ ಮುಖವಾಡವೊಂದು ಇರುತ್ತದೆ.

ಅಲ್ಲೂ ಒಂದು ಕೊಕ್ಕೆ ಇಟ್ಟಿದ್ದಾರೆ. ಕಾಫೆಯ ಪತ್ರವನ್ನು ಅಂಚೆಯವನಿಗೆ ಕೊಟ್ಟರೆ ಅವನ ಟೋಪಿ ಸಿಗುತ್ತದೆ, ಕಾಫೆಯ ತಾಯಿಗೆ ಕೊಟ್ಟರೆ ಬಾಟಲಿ. ಎರಡೂ ಬೇಕೆನ್ನುವವನು ಅದೇ ಮೂರು ದಿನವನ್ನು ಮತ್ತೆ ಮೊದಲಿನಿಂದ ಹೂಡಿ, ಅದೇ ಆಂಜುವಿನ ಅದೇ ಆತಂಕವನ್ನು ಮತ್ತೊಮ್ಮೆ ಕೇಳಿಸಿಕೊಂಡು, ಅದೇ ಪತ್ರ ಕೈಗೆ ಬರುವ ತನಕ ಕಾಯಬೇಕು. ನನ್ನ ಮಟ್ಟಿಗೆ ಬಾಟಲಿ ಇಲ್ಲದಿದ್ದರೂ ನಡೆದೀತು.